ತಣ್ಣಗಿರುವಾಗಲೇ ಹಿಡಿಯಬೇಕಾದ ಸೋರಿಕೆ

ಪಿ0171 ಮತ್ತು ಪಿ0174. ವಿ6 ಎಂಜಿನ್‌ನ ಎರಡೂ ಬ್ಯಾಂಕ್‌ಗಳಲ್ಲಿ, ಅಂದರೆ ಎಡಬಲದ ಮೂರು ಮೂರು ಸಿಲಿಂಡರ್‌ಗಳಲ್ಲಿ, ಮಿಶ್ರಣ ಲೀನ್ ಆಗಿದೆ, ಒಳಗೆ ಬರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂದು ಗಾಡಿಯ ಕಂಪ್ಯೂಟರ್ ದಾಖಲಿಸುವ ಈ ದೋಷ ಕೋಡ್‌ಗಳು ಹೇಳುತ್ತವೆ. ಓಹಿಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ನಾನು ಕೊಂಡ ಹಳೆಯ ಎಸ್‌ಯುವಿ, 2004ರ ಮಾದರಿಯ ನಾಲ್ಕು ಲೀಟರ್ ಪೆಟ್ರೋಲ್ ಎಂಜಿನ್ನಿನದು, ಇವೆರಡನ್ನೂ ಜೊತೆಗೇ ತಂದಿತ್ತು. ಹಿಂದಿನ ಮಾಲೀಕರು ಬಿಲ್ಲುಗಳ ಕಡತವನ್ನೂ ಕೊಟ್ಟಿದ್ದರು. ಹೊರಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್‌ಗಳು, ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್, ಫ್ಯುಯೆಲ್ ಪಂಪ್ ಎಲ್ಲವೂ ಹೊಸತು. ಎಂಜಿನ್ನಿನ ಗಾಳಿದಾರಿಗೆ ಹೊಗೆ ಹಾಯಿಸಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಕೂಡ ಆಗಿತ್ತು, ‘ಸೋರಿಕೆ ಇಲ್ಲ’ ಎಂಬ ಷರಾ ಸಮೇತ. ಆದರೂ ಚೆಕ್ ಎಂಜಿನ್ ದೀಪ ಚಳಿಗಾಲ ಬಂದೊಡನೆ ಹೊತ್ತಿಕೊಳ್ಳುತ್ತಿತ್ತು, ಹಿಮ ಕರಗಿದ ಮೇಲೆ ತಾನಾಗಿಯೇ ಆರುತ್ತಿತ್ತು.

ಕೋಡ್ ಯಾವ ಭಾಗದ ಹೆಸರನ್ನೂ ಹೇಳುವುದಿಲ್ಲ. ಲೀನ್ ಎಂದು ಸುದ್ದಿ ಕೊಟ್ಟ ಆಕ್ಸಿಜನ್ ಸೆನ್ಸರನ್ನೇ ಮೊದಲು ಕಿತ್ತೆಸೆಯುವ ಪದ್ಧತಿ ನನಗೆ ಎಂದೂ ಅರ್ಥವಾಗಿಲ್ಲ. ಒಂದೇ ಕಾಲಕ್ಕೆ ಎರಡು ಬ್ಯಾಂಕ್‌ಗಳ ಸೆನ್ಸರ್‌ಗಳೂ ಒಂದೇ ಸುಳ್ಳು ಹೇಳುವುದು ಅಪರೂಪ. ಕಾರಣ ಎರಡು ಕಡೆಗೂ ಸಮಾನವಾದ ಜಾಗದಲ್ಲಿ ಇರಬೇಕು.

ನಾನು ಮೊದಲು ನೋಡಿದ್ದು ಫ್ರೀಜ್ ಫ್ರೇಮ್. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಗಾಡಿಯ ಕಂಪ್ಯೂಟರ್ ಉಳಿಸಿಕೊಂಡಿರುತ್ತದೆ. ಅಗ್ಗದ ಸ್ಕ್ಯಾನರ್ ಕೂಡ ಇದನ್ನು ತೋರಿಸುತ್ತದೆ, ಆದರೂ ಬಹಳ ಮಂದಿ ಓದದೆಯೇ ಅಳಿಸಿಬಿಡುತ್ತಾರೆ. ನನ್ನ ಗಾಡಿಯದು ಹೀಗಿತ್ತು: ಕೂಲೆಂಟ್ 67 ಡಿಗ್ರಿ ಸೆಲ್ಸಿಯಸ್, ಒಳಬರುವ ಗಾಳಿ ಸೊನ್ನೆಗಿಂತ 6 ಡಿಗ್ರಿ ಕೆಳಗೆ, ವೇಗ ಸೊನ್ನೆ, ಎಂಜಿನ್ ಐಡ್ಲಿಂಗ್‌ನಲ್ಲಿ. ಅಂದರೆ ಬೆಳಿಗ್ಗೆ ಹೊರಟು ಮೊದಲ ಸಿಗ್ನಲ್‌ನಲ್ಲಿ ನಿಂತ ಹೊತ್ತು. ಕೂಲೆಂಟ್ ಬೆಚ್ಚಗಾಗಿದೆ, ಆದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮೇಲಿನ ಪ್ಲಾಸ್ಟಿಕ್ ಇನ್‌ಟೇಕ್ ಮ್ಯಾನಿಫೋಲ್ಡ್ ಇನ್ನೂ ಕೊರೆಯುತ್ತಿದೆ.

ಆಮೇಲೆ ಫ್ಯುಯೆಲ್ ಟ್ರಿಮ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಶೇ 10 ಎಥನಾಲ್ ಬೆರೆತಿದ್ದರೆ ಸುಮಾರು 14.1 ಪಟ್ಟು. ಈ ಅನುಪಾತ ಕಾಯ್ದುಕೊಳ್ಳಲು ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ತೆರೆದಿಡುವ ಅವಧಿಯನ್ನು ಹೆಚ್ಚುಕಡಿಮೆ ಮಾಡುತ್ತಲೇ ಇರುತ್ತದೆ. ಆ ತಿದ್ದುಪಡಿಯ ಶೇಕಡಾವಾರು ಲೆಕ್ಕವೇ ಟ್ರಿಮ್. ತತ್‌ಕ್ಷಣದ್ದು ಒಂದು, ದೀರ್ಘಾವಧಿಯದು ಒಂದು. ಎರಡನ್ನೂ ಕೂಡಿಸಿ ನೋಡಬೇಕು. ಮೊತ್ತ ಹತ್ತರ ಒಳಗಿದ್ದರೆ ಚಿಂತೆಯಿಲ್ಲ. ಇಪ್ಪತ್ತು ದಾಟಿ ಇಪ್ಪತ್ತೈದರ ಆಸುಪಾಸಿಗೆ ಬಂದರೆ ಕಂಪ್ಯೂಟರ್ ಕೈಚೆಲ್ಲಿ ದೀಪ ಹಚ್ಚುತ್ತದೆ.

ಒಂದೇ ಸ್ಥಿತಿಯಲ್ಲಿ ನೋಡಿದ ಟ್ರಿಮ್‌ಗೆ ಬೆಲೆಯಿಲ್ಲ. ರಾತ್ರಿಯೆಲ್ಲ ಹೊರಗೆ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡಿ, ಕೊಂಚ ಬೆಚ್ಚಗಾದ ಮೇಲೆ ಐಡ್ಲಿಂಗ್‌ನಲ್ಲಿ ಓದಿದೆ: ಒಂದನೇ ಬ್ಯಾಂಕ್‌ನಲ್ಲಿ 24, ಎರಡನೆಯದರಲ್ಲಿ 17. ನಿಮಿಷಕ್ಕೆ 2500 ಸುತ್ತಿಗೆ ಏರಿಸಿ ಹಿಡಿದಾಗ ಎರಡೂ ಆರು ಏಳಕ್ಕೆ ಇಳಿದವು. ಅಪರಾಧಿ ಯಾವ ಜಾತಿಯದು ಎಂದು ಅಲ್ಲೇ ಗೊತ್ತಾಗುತ್ತದೆ. ಇಂಥ ಎಂಜಿನ್ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 4 ಗ್ರಾಂ ಗಾಳಿ ಎಳೆಯುತ್ತದೆ. ಮಾಸ್ ಏರ್‌ಫ್ಲೋ ಸೆನ್ಸರಿನ ಕಣ್ಣು ತಪ್ಪಿಸಿ ಎಲ್ಲಿಂದಲೋ 0.8 ಗ್ರಾಂ ನುಸುಳಿದರೆ ಅದು ಐದರಲ್ಲಿ ಒಂದು ಪಾಲು. 2500 ಸುತ್ತಿನಲ್ಲಿ ಎಂಜಿನ್ 14–15 ಗ್ರಾಂ ನುಂಗುವಾಗ ಅದೇ ಸೋರಿಕೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಪಂಪ್ ದುರ್ಬಲವಾಗಿದ್ದರೆ, ಅಥವಾ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿ ಕಡಿಮೆ ಅಳೆಯುತ್ತಿದ್ದರೆ ಕಥೆ ತಿರುಗುಮುರುಗು: ಭಾರ ಬಿದ್ದಷ್ಟೂ ಟ್ರಿಮ್ ಏರುತ್ತದೆ. ಖಾತ್ರಿಗಾಗಿ ಹೆದ್ದಾರಿಯ ರ‍್ಯಾಂಪ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಆಕ್ಸಿಜನ್ ಸೆನ್ಸರ್‌ಗಳು 0.85 ವೋಲ್ಟ್‌ಗಿಂತ ಮೇಲೇ ನಿಂತವು, ಮಿಶ್ರಣದಲ್ಲಿ ಪೆಟ್ರೋಲ್ ಧಾರಾಳವಾಗಿದೆ ಎಂಬುದರ ಗುರುತು. ಪೆಟ್ರೋಲಿಗೆ ಕೊರತೆಯಿಲ್ಲ.

ಉಳಿದದ್ದು ಗಾಳಿ. ಆದರೆ ಚಳಿಯಲ್ಲಿ ಮಾತ್ರ ಕಾಡುವ ಇನ್ನೊಬ್ಬ ಶಂಕಿತನೂ ಇದ್ದ: ಉರಿದ ಹೊಗೆಯನ್ನು ಸಿಲಿಂಡರ್‌ಗಳಿಂದ ಹೊರಗೊಯ್ಯುವ ಎಗ್ಸಾಸ್ಟ್ ಮ್ಯಾನಿಫೋಲ್ಡ್, ಬಿರುಕು ಬಿಟ್ಟಿದ್ದರೆ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಬಿರುಕಿದ್ದರೆ ಅದು ಹೊರಗಿನ ಗಾಳಿಯನ್ನು ಒಳಗೆಳೆದು ಇಲ್ಲದ ಕೊರತೆಯನ್ನು ತೋರಿಸುತ್ತದೆ. ಕಬ್ಬಿಣ ಕಾದು ಹಿಗ್ಗಿದಾಗ ಮುಚ್ಚಿಕೊಳ್ಳಲೂಬಹುದು. ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಬರಲಿಲ್ಲ, ಕೀಲುಗಳ ಸುತ್ತ ಮಸಿಯ ಗುರುತೂ ಇರಲಿಲ್ಲ. ಅವನನ್ನು ಬಿಟ್ಟುಬಿಟ್ಟೆ.

ಹಾಗಾದರೆ ಸ್ಮೋಕ್ ಟೆಸ್ಟ್‌ನಲ್ಲಿ ಏಕೆ ಸಿಗಲಿಲ್ಲ? ಗ್ಯಾರೇಜಿಗೆ ಗಾಡಿ ಓಡಿಸಿಕೊಂಡೇ ಹೋಗಬೇಕಲ್ಲ. ಮುಟ್ಟುವ ಹೊತ್ತಿಗೆ ಎಂಜಿನ್ ಬಿಸಿ, ಸರದಿ ಬರುವವರೆಗೆ ಬೆಚ್ಚನೆಯ ಷೆಡ್ಡಿನಲ್ಲಿ ವಾಸ. ಅಷ್ಟರಲ್ಲಿ ಮ್ಯಾನಿಫೋಲ್ಡ್ ಹಿಗ್ಗಿ, ಸೀಲುಗಳು ಕೂತುಕೊಂಡಿರುತ್ತವೆ. ಪರೀಕ್ಷೆ ಮಾಡಿದವರ ಕೆಲಸದಲ್ಲಿ ಕುಂದಿಲ್ಲ. ಸೋರಿಕೆ ಆ ಹೊತ್ತಿಗೆ ನಿಜಕ್ಕೂ ಇರಲಿಲ್ಲ.

ಅಗ್ಗದ ಸ್ಮೋಕ್ ಯಂತ್ರವೊಂದನ್ನು ತರಿಸಿಕೊಂಡೆ. ಒಳಗೆ ಖನಿಜ ತೈಲ ಕಾದು ದಟ್ಟ ಹೊಗೆಯಾಗುತ್ತದೆ. ಒತ್ತಡ ಒಂದು ಪಿಎಸ್‌ಐಗಿಂತ ಕೆಳಗಿರಬೇಕು, ಇಲ್ಲವಾದರೆ ಚೆನ್ನಾಗಿರುವ ಸೀಲುಗಳೂ ಹಾಳು. ಮುಂಜಾನೆ, ಎಂಜಿನ್ ಚಾಲೂ ಮಾಡದೆ, ಏರ್ ಫಿಲ್ಟರ್ ಕಡೆಯ ದಾರಿಯನ್ನು ಮುಚ್ಚಿ, ಬ್ರೇಕ್ ಬೂಸ್ಟರಿನ ಹೋಸ್ ಬಿಚ್ಚಿ ಮ್ಯಾನಿಫೋಲ್ಡ್ ಕಡೆಯ ಬಾಯಿಗೆ ಹೊಗೆ ಹಾಯಿಸಿದೆ. ಟಾರ್ಚ್ ಬೆಳಕಿನಲ್ಲಿ ಕಾದು ನೋಡಿದರೆ, ಒಂದನೇ ಬ್ಯಾಂಕ್‌ನ ಹಿಂಬದಿಯ ರನ್ನರ್, ಅಂದರೆ ಮ್ಯಾನಿಫೋಲ್ಡಿನ ಗಾಳಿಕೊಳವೆ, ಸಿಲಿಂಡರ್ ಹೆಡ್ಡಿಗೆ ಸೇರುವಲ್ಲಿ ಎಳೆ ಎಳೆಯಾಗಿ ಹೊಗೆ. ಒಳಬರುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯ ಹಿಂದೆ, ಕೆಳಮುಖವಾಗಿ ಅಡಗಿದ್ದ, ಎಂಜಿನ್ ಒಡಲಿನ ಆವಿಯನ್ನು ಮತ್ತೆ ಉರಿಯಲು ಒಯ್ಯುವ ಪಿಸಿವಿ ಹೋಸಿನ ಮೊಣಕೈ ತುಂಡಿನಿಂದಲೂ ಸ್ವಲ್ಪ. ಎರಡು ಬ್ಯಾಂಕ್‌ಗಳ ನಡುವಿನ ಅಂತರಕ್ಕೂ ಉತ್ತರ ಸಿಕ್ಕಿತು: ಪಿಸಿವಿ ಗಾಳಿ ಎರಡೂ ಕಡೆ ಹಂಚಿಹೋಗುತ್ತದೆ, ರನ್ನರಿನದು ತನ್ನ ಬ್ಯಾಂಕ್‌ಗೇ ಹೆಚ್ಚು ಬೀಳುತ್ತದೆ. ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವವರೂ ಇದ್ದಾರೆ. ಚಾಲೂ ಎಂಜಿನ್ ಮೇಲೆ ಬೆಂಕಿ ಹಿಡಿಯುವ ದ್ರವ ಎರಚುವುದು ನನಗೆ ಒಗ್ಗುವುದಿಲ್ಲ, ಅಲ್ಲದೆ ಅದು ಹರಿದ ಕಡೆಯಲ್ಲೆಲ್ಲ ಅನುಮಾನ ಹುಟ್ಟಿಸುತ್ತದೆ.

ಮ್ಯಾನಿಫೋಲ್ಡ್ ಬಿಚ್ಚಿದಾಗ ಸೀಲುಗಳಾದ ಹಳೆಯ ಓ-ರಿಂಗ್‌ಗಳು, ಅಂದರೆ ರಬ್ಬರ್ ಉಂಗುರಗಳು, ಚಪ್ಪಟೆಯಾಗಿದ್ದವು, ಉಗುರು ಒತ್ತಿದರೆ ಗುರುತೂ ಮೂಡದಷ್ಟು ಗಟ್ಟಿ. ಪಿಸಿವಿ ಮೊಣಕೈ ತದ್ವಿರುದ್ಧ, ಎಣ್ಣೆ ಕುಡಿದು ಸುಟ್ಟ ಬದನೆಕಾಯಿಯಂತೆ ಮೆತ್ತಗೆ. ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದರೆ ಸಾಕು ಎನ್ನುವ ಸಲಹೆ ಕೇಳಿದ್ದೆ. ಕಲ್ಲಾದ ರಬ್ಬರ್ ಬಿಗಿತಕ್ಕೆ ಮರಳಿ ಉಬ್ಬುವುದಿಲ್ಲ. ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕಿ, ಮೇಲ್ಮೈಯನ್ನು ಪ್ಲಾಸ್ಟಿಕ್ ಕೆರೆಯುಳಿಯಿಂದಷ್ಟೇ ಕೆರೆದು, ಹೊಸ ಸೀಲು ಕೂರಿಸಿ, ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಬಿಗಿದೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡಿಗೆ ತೋಳ್ಬಲ ತೋರಿಸಬಾರದು. ಸರ್ವಿಸ್ ಕೈಪಿಡಿ ಕೊಡುವ ಅಂಕಿ ಕೈಗೆ ಸಡಿಲವೆನಿಸುತ್ತದೆ, ಆದರೂ ಅಲ್ಲಿಗೇ ನಿಲ್ಲಿಸಬೇಕು.

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಹಳೆಯ ನಾಲ್ಕು ಸಿಲಿಂಡರ್ ಗಾಡಿಗೆ ಬ್ಯಾಂಕ್ ಒಂದೇ, ಆದ್ದರಿಂದ ಪಿ0171 ಮಾತ್ರ ಬರುತ್ತದೆ. ಅಲ್ಲಿ ಈ ಚಳಿಯೂ ಇಲ್ಲ. ಬಾನೆಟ್ ಒಳಗಿನ ರಬ್ಬರ್ ಹೋಸ್‌ಗಳನ್ನು, ಅದರಲ್ಲೂ ಕಣ್ಣಿಗೆ ಕಾಣದ ತಳಭಾಗವನ್ನು, ಕನ್ನಡಿ ಹಿಡಿದು ಮೊದಲು ನೋಡು ಎಂದಷ್ಟೇ ಅವನಿಗೆ ಹೇಳಿದೆ.

ಕೋಡ್ ಅಳಿಸಿದ ಮೇಲೆ, ಮತ್ತೆ ಸೊನ್ನೆಗಿಂತ ಕೆಳಗಿಳಿದ ಬೆಳಗಿನಲ್ಲಿ ಟ್ರಿಮ್ ನೋಡಿದೆ. ಒಂದನೇ ಬ್ಯಾಂಕ್ 4, ಎರಡನೆಯದು 3. ಸೊನ್ನೆಗೆ ತರುವ ಹಟ ಬೇಕಿಲ್ಲ. ಕ್ಲೀವ್‌ಲ್ಯಾಂಡ್ ಭಾಗದಲ್ಲಿ ಇ-ಚೆಕ್ ಎಂಬ ಹೊಗೆ ತಪಾಸಣೆ ಕಡ್ಡಾಯ. ಅಲ್ಲಿಗೆ ಕೋಡ್ ಅಳಿಸಿದ ಕೂಡಲೇ ಹೋದರೆ ವಾಪಸ್ ಕಳಿಸುತ್ತಾರೆ. ಗಾಡಿ ತನ್ನ ಸ್ವಯಂಪರೀಕ್ಷೆಗಳನ್ನು ಮುಗಿಸಿರಬೇಕು, 2001 ಮತ್ತು ನಂತರದ ಮಾದರಿಗಳಿಗೆ ಒಂದು ಬಾಕಿ ಇದ್ದರೆ ಮಾತ್ರ ರಿಯಾಯಿತಿ. ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಸ್ಟಿನ ಪರೀಕ್ಷೆ ಹೆದ್ದಾರಿಯಲ್ಲಿ ಒಂದೇ ವೇಗದ ಓಟದಲ್ಲಿ ಮುಗಿಯಿತು. ಪೆಟ್ರೋಲ್ ಟ್ಯಾಂಕಿನ ಆವಿ ಪರೀಕ್ಷೆ ಟ್ಯಾಂಕ್ ತೀರಾ ತುಂಬಿದ್ದರೂ ನಡೆಯದು, ತೀರಾ ಖಾಲಿಯಿದ್ದರೂ ನಡೆಯದು. ಅದೊಂದನ್ನು ಬಾಕಿ ಇಟ್ಟುಕೊಂಡೇ ಹೋದೆ, ಪಾಸಾಯಿತು.