ದೈಹಿಕ ಶಿಕ್ಷಕರಿಲ್ಲದ ಶಾಲೆಯಲ್ಲಿ ದಿನವೂ ಆಟ

ಮಂಡ್ಯ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ನಮ್ಮಲ್ಲಿ ದೈಹಿಕ ಶಿಕ್ಷಕರಿಲ್ಲ. ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅರೆಕಾಲಿಕ ದೈಹಿಕ ಶಿಕ್ಷಣ ಬೋಧಕರು ಇರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ನಮ್ಮಂತಹ ಸಣ್ಣ ಶಾಲೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಈಗ ಒಂದರಿಂದ ಏಳನೇ ತರಗತಿಯವರೆಗಿನ ಪ್ರತಿ ಮಗುವೂ ಶಾಲೆ ನಡೆಯುವ ಪ್ರತಿ ದಿನ ಮೈ ಬೆವರುವಷ್ಟು ಓಡಿ ಆಡುತ್ತದೆ. ಹೇಗೆ ಸಾಧ್ಯವಾಯಿತು ಎಂದು ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಕೇಳುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರಿನ ವೇಗ ಏರುವಂತಹ ಚಟುವಟಿಕೆ ಬೇಕು. ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗಳನ್ನು ಗಟ್ಟಿಗೊಳಿಸುವ ಶ್ರಮವೂ ಅದರಲ್ಲಿ ಸೇರಿರಬೇಕು. ಇಡೀ 60 ನಿಮಿಷವನ್ನು ಶಾಲೆಯೇ ಕೊಡಲಾಗದು. ಆದರೆ ಅದರಲ್ಲಿ ಒಂದು ಪಾಲನ್ನು ಎಲ್ಲ ಮಕ್ಕಳಿಗೂ ಸಮನಾಗಿ, ತಪ್ಪದೆ ಕೊಡಬಲ್ಲ ಜಾಗ ಶಾಲೆಯೊಂದೇ. ಮನೆಯಲ್ಲಿ ಗಂಡುಮಗುವಿಗೆ ಸಿಗುವ ಬೀದಿ ಹೆಣ್ಣುಮಗುವಿಗೆ ಸಿಗುವುದಿಲ್ಲ.

ಮೊದಲು ಸಮಯ ಹುಡುಕಬೇಕಿತ್ತು. ವಾರಕ್ಕೊಮ್ಮೆ ಬರುವ ಆಟದ ಅವಧಿಯನ್ನು ಹಿಗ್ಗಿಸುವ ಯೋಚನೆಯನ್ನು ನಾನು ಮಾಡಲೇ ಇಲ್ಲ, ಏಕೆಂದರೆ ಸಿಲೆಬಸ್ ಹಿಂದೆ ಬಿದ್ದಾಗ ಮೊದಲು ಬಲಿಯಾಗುವುದು ಅದೇ ಅವಧಿ. ದಿನದ ಎಂಟು ಅವಧಿಗಳಿಂದಲೂ ತಲಾ ಮೂರು ನಿಮಿಷ ತೆಗೆದೆವು. ಇಪ್ಪತ್ತನಾಲ್ಕು ನಿಮಿಷ ಸಿಕ್ಕಿತು. ಯಾವ ವಿಷಯದ ಶಿಕ್ಷಕರಿಗೂ ತಮ್ಮ ಪಾಠವೇ ಹೋಯಿತು ಎನ್ನಿಸಲಿಲ್ಲ. ಆ ಇಪ್ಪತ್ತನಾಲ್ಕು ನಿಮಿಷವನ್ನು ಬೆಳಗಿನ ಎರಡನೇ ಅವಧಿ ಮುಗಿದ ಕೂಡಲೇ ಇಟ್ಟೆವು. ಬಿಸಿಯೂಟದ ನಂತರ ಇಡಲಾಗದು, ತುಂಬಿದ ಹೊಟ್ಟೆಯಲ್ಲಿ ಮಕ್ಕಳು ಓಡಬಾರದು. ಸಂಜೆಯ ಕೊನೆಗೆ ಇಟ್ಟರೆ ಮಳೆ, ಸಭೆ, ಬಸ್ಸಿನ ಹೊತ್ತು ಎಂದು ಒಂದಲ್ಲ ಒಂದು ನೆಪಕ್ಕೆ ತಪ್ಪುತ್ತದೆ. ಮಾರ್ಚ್ ಬಂದು ಬಿಸಿಲು ಏರಿದ ಮೇಲೆ ಪ್ರಾರ್ಥನೆ ಮುಗಿದೊಡನೆಯೇ ಆಡಿಸುತ್ತೇವೆ.

ಇದಕ್ಕೆ ಜವಾಬ್ದಾರರು ಆಯಾ ತರಗತಿಯ ಶಿಕ್ಷಕರು. ಕ್ರೀಡೆಯಲ್ಲಿ ಆಸಕ್ತಿ ಇರುವ ಒಬ್ಬರಿಗೆ ಇಡೀ ಶಾಲೆಯನ್ನು ವಹಿಸಿದರೆ, ಅವರು ತರಬೇತಿಗೋ ಸಮೀಕ್ಷೆಗೋ ಚುನಾವಣಾ ಕೆಲಸಕ್ಕೋ ಹೋದ ದಿನ ಎಲ್ಲವೂ ನಿಲ್ಲುತ್ತದೆ. ಸರ್ಕಾರಿ ಶಾಲೆಯಲ್ಲಿ ಅಂತಹ ದಿನಗಳು ಕಡಿಮೆಯೇನಲ್ಲ. ಸೀರೆ ಉಟ್ಟುಕೊಂಡು ಮೈದಾನದಲ್ಲಿ ಓಡುವುದು ಹೇಗೆ ಎಂದು ಹಿರಿಯ ಶಿಕ್ಷಕಿಯೊಬ್ಬರು ಕೇಳಿದರು. ಓಡಬೇಕಾದವರು ಮಕ್ಕಳು ಮೇಡಂ, ಯಾರು ಓಡುತ್ತಿಲ್ಲ ಎಂಬುದನ್ನು ನೋಡುವುದಷ್ಟೇ ನಮ್ಮ ಕೆಲಸ ಎಂದೆ. ಈಗ ಅವರ ಕಣ್ಣು ಎಲ್ಲರಿಗಿಂತ ಚುರುಕು.

ಯಾರು ಓಡುತ್ತಿಲ್ಲ ಎಂಬ ಆ ಪ್ರಶ್ನೆಯ ಮೇಲೆಯೇ ಉಳಿದೆಲ್ಲವೂ ನಿಂತಿದೆ. ನಮ್ಮ ಶಾಲೆಗಳಲ್ಲಿ ಕ್ರೀಡೆ ಎಂದರೆ ವಲಯ ಮಟ್ಟದ ಕ್ರೀಡಾಕೂಟಕ್ಕೆ ತಂಡ ಕಟ್ಟುವುದು ಎಂದಾಗಿಬಿಟ್ಟಿದೆ. ಚುರುಕಾದ ಹತ್ತು ಹನ್ನೆರಡು ಮಕ್ಕಳು ಅಭ್ಯಾಸ ಮಾಡುತ್ತಾರೆ, ಉಳಿದವರು ಗೋಡೆ ಬದಿಯಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ದೇಹಶ್ರಮ ಹೆಚ್ಚು ಬೇಕಿರುವುದು ಆ ಗೋಡೆ ಬದಿಯ ಮಕ್ಕಳಿಗೆ. ನಲವತ್ತು ಮಕ್ಕಳ ನಡುವೆ ಒಂದೇ ಚೆಂಡು ಕೊಟ್ಟು ಅರ್ಧ ಗಂಟೆ ಬಿಟ್ಟರೆ ಒಂದು ಮಗುವಿನ ಪಾಲಿಗೆ ಚೆಂಡು ಬರುವುದು ಒಂದು ನಿಮಿಷಕ್ಕೂ ಕಡಿಮೆ. ಹಾಗಾಗಿ ಆಟಗಳನ್ನು ಅವುಗಳ ಹೆಸರು ನೋಡಿ ಆರಿಸದೆ, ಒಂದೇ ಹೊತ್ತಿಗೆ ಎಷ್ಟು ಮಂದಿಯ ಕಾಲು ಆಡುತ್ತಿರುತ್ತದೆ ಎಂಬುದನ್ನು ಎಣಿಸಿ ಆರಿಸಿದೆವು.

ಕೊಕ್ಕೊ ಆಟವನ್ನೇ ತೆಗೆದುಕೊಳ್ಳಿ. ನಮ್ಮ ಭಾಗದ ಮಕ್ಕಳ ಮೈಯಲ್ಲೇ ಇರುವ ಆಟ ಅದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು ಎಂದು ಹೇಳಿದಾಗ ನಮ್ಮ ಹುಡುಗಿಯರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಆದರೆ ನಿಯಮದಂತೆ ಆಡಿಸಿದರೆ ಬೆನ್ನಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಕುಳಿತೇ ಇರುತ್ತಾರೆ. ತಪ್ಪಿಸಿಕೊಳ್ಳುವವರು ಒಮ್ಮೆಗೆ ಮೂವರು. ಅಂಕಣದಲ್ಲಿರುವ ಹನ್ನೆರಡು ಮಕ್ಕಳಲ್ಲಿ ಓಡುವವರು ನಾಲ್ವರು ಮಾತ್ರ. ಆದ್ದರಿಂದ ದಿನನಿತ್ಯದ ಹೊತ್ತಿಗೆ ನಾವು ಕಿರು ಕೊಕ್ಕೊ ಮಾಡಿಕೊಂಡೆವು. ಕಿರಿದಾದ ಅಂಕಣ, ಕುಳಿತವರು ನಾಲ್ವರು, ಬೆನ್ನಟ್ಟುವವರು ಇಬ್ಬರು, ತಪ್ಪಿಸಿಕೊಳ್ಳುವವರು ನಾಲ್ವರು, ಬೇಗ ಬೇಗ ಸರದಿ ಬದಲು. ಇಂತಹ ಹಲವು ಅಂಕಣಗಳನ್ನು ಅಕ್ಕಪಕ್ಕದಲ್ಲಿ ಸುಣ್ಣದ ಗೆರೆ ಎಳೆದು ಮಾಡಿಟ್ಟಿದ್ದೇವೆ. ಪೂರ್ಣ ನಿಯಮದ ಕೊಕ್ಕೊ ಶನಿವಾರ ಇರುತ್ತದೆ.

‘ಔಟ್’ ಆದವರು ಹೊರಗೆ ಕೂರುವ ಆಟಗಳನ್ನು ಸಂಪೂರ್ಣವಾಗಿ ತಿದ್ದಿದೆವು. ‘ಕೆರೆ–ದಡ’ದಲ್ಲಿ ತಪ್ಪಿ ನೆಗೆದ ಮಗು ಹಿಂದೆಲ್ಲ ಆಟದಿಂದ ಹೊರಗೆ ಹೋಗುತ್ತಿತ್ತು. ಮೊದಲು ಹೊರಗೆ ಹೋಗುವುದು ಸಾಮಾನ್ಯವಾಗಿ ದೇಹ ಇನ್ನೂ ಹದಕ್ಕೆ ಬಾರದ ಮಗುವೇ. ಅಭ್ಯಾಸ ಯಾರಿಗೆ ಬೇಕೋ ಅವರಿಗೇ ಆಟ ಬೇಗ ಮುಗಿಯುತ್ತಿತ್ತು. ಈಗ ತಪ್ಪಿದವರು ಮೈದಾನಕ್ಕೆ ಅರ್ಧ ಸುತ್ತು ಹಾಕಿ ಮತ್ತೆ ಸೇರಿಕೊಳ್ಳುತ್ತಾರೆ. ಮುಟ್ಟಾಟದಲ್ಲಿ ಮುಟ್ಟಿಸಿಕೊಂಡವರು ಮುಟ್ಟುವವರ ಗುಂಪಿಗೆ ಸೇರುತ್ತಾರೆ. ಲಗೋರಿಗೆ ಬಟ್ಟೆಯ ಚೆಂಡು, ಒಂದು ಗುಂಪಿಗೆ ಎಂಟು ಮಂದಿಗಿಂತ ಹೆಚ್ಚಿಲ್ಲ. ಕುಂಟೆಬಿಲ್ಲೆಯ ಮನೆಗಳನ್ನು ಜಗಲಿಯ ನೆಲದ ಮೇಲೆ ಬಣ್ಣದಲ್ಲೇ ಬರೆಸಿಬಿಟ್ಟೆವು. ಜಡಿಮಳೆಯ ದಿನಗಳಲ್ಲಿ ಆ ಜಗಲಿಯೇ ನಮ್ಮ ಮೈದಾನ.

ಶ್ರಮ ಸಾಕಷ್ಟಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಓಡುತ್ತಿರುವ ಮಗು ಮಾತನಾಡಬಲ್ಲದು, ಆದರೆ ಹಾಡಲಾರದು ಎಂದರೆ ಮಧ್ಯಮ ಶ್ರಮ. ನಾಲ್ಕು ಮಾತಿಗೇ ಉಸಿರು ತೆಗೆದುಕೊಳ್ಳಲು ನಿಲ್ಲಿಸಬೇಕಾದರೆ ತೀವ್ರ ಶ್ರಮ. ‘ಎಲ್ಲಿ, ಒಂದು ಸಾಲು ಹಾಡು ನೋಡೋಣ’ ಎಂದು ಶಿಕ್ಷಕರು ಓಡುವ ಮಗುವನ್ನು ಕೇಳುತ್ತಾರೆ. ಸಲೀಸಾಗಿ ಹಾಡಿದರೆ ಆಟದ ವೇಗ ಏರಿಸುತ್ತಾರೆ.

ಸಲಕರಣೆಗೆ ಹೆಚ್ಚು ಹಣ ಬೇಕಾಗಲಿಲ್ಲ. ಸರ್ಕಾರದ ‘ಸಮಗ್ರ ಶಿಕ್ಷಣ’ ಯೋಜನೆಯಡಿ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿಯ ಅನುದಾನಕ್ಕೆ ಅವಕಾಶವಿದೆ. ಅದರಲ್ಲಿ ದುಬಾರಿ ಕಿಟ್ ಒಂದನ್ನು ಕೊಂಡು ಬೀರುವಿನಲ್ಲಿ ಬೀಗ ಹಾಕಿಡುವುದಕ್ಕಿಂತ, ಸವೆದರೂ ಬೇಸರವಾಗದ ವಸ್ತುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕೊಳ್ಳಿ ಎಂಬುದು ನನ್ನ ಸಲಹೆ. ನಾವು ಕೊಂಡದ್ದು ಹಗ್ಗ ಮತ್ತು ರಬ್ಬರ್ ಚೆಂಡುಗಳನ್ನು. ಹಗ್ಗವನ್ನು ಅಳತೆಗೆ ಕತ್ತರಿಸಿ ಪ್ರತಿ ಮಗುವಿಗೂ ಒಂದೊಂದು ಸ್ಕಿಪ್ಪಿಂಗ್ ಹಗ್ಗ ಮಾಡಿದೆವು. ಹಳೆಯ ಟೈರುಗಳನ್ನು ಸೈಕಲ್ ಅಂಗಡಿಯವರು ಉಚಿತವಾಗಿಯೇ ಕೊಟ್ಟರು. ಹಗ್ಗದಾಟವನ್ನು ಬಹಳ ನೆಚ್ಚಿಕೊಂಡಿದ್ದೇನೆ. ಮೂಳೆ ಗಟ್ಟಿಯಾಗಲು ನೆಗೆತ ಬೇಕು, ಅದಕ್ಕೆ ಇಷ್ಟು ಕಡಿಮೆ ಜಾಗದಲ್ಲಿ ಆಡಬಹುದಾದ ಬೇರೆ ಆಟವಿಲ್ಲ.

ಜಾಗದ ಮಾತು ಬಂತು. ಸುಗ್ಗಿಯಲ್ಲಿ ನಮ್ಮ ಊರುಗಳ ಶಾಲಾ ಮೈದಾನಗಳು ಕಣವಾಗುತ್ತವೆ. ಭತ್ತ ಒಣಗುತ್ತಿರುತ್ತದೆ, ರಾಗಿ ತೆನೆ ಹರಡಿರುತ್ತದೆ, ಒಂದು ಮೂಲೆಯಲ್ಲಿ ಟ್ರ್ಯಾಕ್ಟರ್ ನಿಂತಿರುತ್ತದೆ. ರೈತರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅವರೇ ನಮ್ಮ ಪೋಷಕರು, ಅವರಿಗೂ ಬೇರೆ ಜಾಗವಿಲ್ಲ. ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯವಿಟ್ಟೆ. ಶಾಲಾ ಕಟ್ಟಡದ ಕಡೆಯ ಅರ್ಧ ವರ್ಷವಿಡೀ ಮಕ್ಕಳದು, ರಸ್ತೆ ಕಡೆಯದು ಸುಗ್ಗಿ ಮುಗಿಯುವವರೆಗೆ ಊರಿನದು ಎಂದು ನಿರ್ಣಯವಾಯಿತು. ನಡುವೆ ಕಲ್ಲು ನೆಟ್ಟೆವು. ನಿರ್ಣಯವನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿದ್ದು ಒಳ್ಳೆಯದಾಯಿತು. ಅಧ್ಯಕ್ಷರು ಬದಲಾದರೂ ಗಡಿ ಬದಲಾಗಲಿಲ್ಲ.

ಅದೇ ಸಭೆಯಲ್ಲಿ ಒಬ್ಬ ತಾಯಿ ಎದ್ದು, ‘ಮನೆಗೆ ಬಂದರೆ ಹಸುವಿಗೆ ಹುಲ್ಲು ತರುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಇವಳಿಗೆ ಇಲ್ಲಿ ಬೇರೆ ವ್ಯಾಯಾಮ ಏಕೆ ಮೇಡಂ?’ ಎಂದರು. ನ್ಯಾಯವಾದ ಪ್ರಶ್ನೆ. ‘ಹುಲ್ಲಿನ ಹೊರೆ ಅವಳ ಕುತ್ತಿಗೆಯ ಮೇಲೆ ಕೂರುತ್ತದಮ್ಮ, ಆಟದಲ್ಲಿ ಅವಳು ಗೆಳತಿಯರ ಜೊತೆ ಕಿರುಚಿಕೊಂಡು ಓಡುತ್ತಾಳೆ. ಒಂದು ದಿನ ಬಂದು ನೋಡಿ’ ಎಂದೆ. ಬಂದರು, ಕಾಂಪೌಂಡ್ ಪಕ್ಕದಲ್ಲಿ ನಿಂತು ನೋಡಿದರು. ಮತ್ತೆ ಕೇಳಲಿಲ್ಲ.

ಆರು, ಏಳನೇ ತರಗತಿಯ ಹುಡುಗಿಯರ ವಿಷಯಕ್ಕೆ ಹೆಚ್ಚು ಯೋಚಿಸಬೇಕಾಯಿತು. ಮುಟ್ಟಿನ ದಿನಗಳಲ್ಲಿ ಎಲ್ಲರೆದುರು ಕಾರಣ ಹೇಳಿ ಪಕ್ಕಕ್ಕೆ ಕೂರುವ ಮುಜುಗರಕ್ಕೆ ಹೆದರಿ ಕೆಲವರು ಶಾಲೆಗೇ ಬರುತ್ತಿರಲಿಲ್ಲ. ಅದಕ್ಕಾಗಿ ‘ನಡೆಯುವ ಸಾಲು’ ಮಾಡಿದೆವು. ಮೈದಾನದ ಅಂಚಿನಲ್ಲಿ ಬೇವಿನ ಮರಗಳ ನೆರಳಿನಲ್ಲಿ ಬಿರುಸಾಗಿ ನಡೆಯುವ ಗುಂಪು ಅದು. ಜ್ವರದಿಂದ ಎದ್ದ ಹುಡುಗನೂ, ಉಬ್ಬಸವಿರುವ ಮಗುವೂ, ಸುಮ್ಮನೆ ಇವತ್ತು ಓಡಲು ಮನಸ್ಸಿಲ್ಲದವರೂ ಅದಕ್ಕೆ ಸೇರಬಹುದು. ಕಾರಣ ಕೇಳುವಂತಿಲ್ಲ ಎಂಬುದು ಶಿಕ್ಷಕರಿಗೆ ಇರುವ ಕಟ್ಟುನಿಟ್ಟಿನ ನಿಯಮ. ಶುಚಿ ಯೋಜನೆಯ ಪ್ಯಾಡ್‌ಗಳು ತಡವಾಗಿ ಬಂದಾಗಲೂ ಕೈಗೆ ಸಿಗುವಂತೆ ಶಿಕ್ಷಕಿಯರ ಕೊಠಡಿಯಲ್ಲಿ ಒಂದಷ್ಟು ಇಟ್ಟಿರುತ್ತೇವೆ. ವಾರಕ್ಕೊಮ್ಮೆಯ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಊಟದ ನಂತರ ಎದುರಿಗೇ ನುಂಗಿಸುತ್ತೇವೆ. ರಕ್ತಹೀನತೆ ಇರುವ ಮಗು ಬೇಗ ಸುಸ್ತಾಗುತ್ತದೆ, ಅದನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ.

ಕಾಲಿನ ಬಲ ಕಡಿಮೆ ಇರುವ ಹುಡುಗನೊಬ್ಬನಿದ್ದಾನೆ. ಅವನಿಗೆ ಸೀಟಿ ಕೊಟ್ಟು ಅಂಪೈರ್ ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಅದರಿಂದ ಅವನ ಮೈಗೆ ಏನೂ ದಕ್ಕುವುದಿಲ್ಲ. ಶಾಲಾ ಆರೋಗ್ಯ ತಪಾಸಣೆಗೆ ಬಂದ ವೈದ್ಯರನ್ನು ಕೇಳಿ, ಕುಳಿತು ಗೋಡೆಗೆ ಚೆಂಡೆಸೆದು ಹಿಡಿಯುವ ಆಟವನ್ನು ಅವನಿಗಾಗಿ ಶುರು ಮಾಡಿದೆವು. ಈಗ ಅಲ್ಲಿ ಸರದಿಗಾಗಿ ಬೇರೆ ಮಕ್ಕಳೂ ಕಾಯುತ್ತಾರೆ.

ಎರಡು ನಿಷೇಧಗಳನ್ನು ಗೋಡೆಯ ಮೇಲೆ ಬರೆಸಿದ್ದೇನೆ. ಹೋಂವರ್ಕ್ ಮುಗಿಸಿಲ್ಲ ಎಂದು ಯಾವ ಮಗುವನ್ನೂ ಆಟದ ಹೊತ್ತಿನಲ್ಲಿ ಒಳಗೆ ಕೂರಿಸುವಂತಿಲ್ಲ. ಬಸ್ಕಿ ಹೊಡೆಸುವುದು, ಮೈದಾನ ಸುತ್ತಿಸುವುದು ಶಿಕ್ಷೆಯಾಗಿ ಕೂಡದು. ದೈಹಿಕ ಶಿಕ್ಷೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಗೂ ನಿಷೇಧಿಸಿದೆ. ಅದಕ್ಕೂ ಮಿಗಿಲಾಗಿ, ಬಸ್ಕಿಯನ್ನು ಅವಮಾನವಾಗಿ ಕಲಿತ ಮಗು ದೊಡ್ಡದಾದ ಮೇಲೆ ವ್ಯಾಯಾಮವನ್ನು ಪ್ರೀತಿಸುವುದು ಕಷ್ಟ.

ಪಾಠ ಹಿಂದೆ ಬೀಳುತ್ತದೆ ಎಂಬ ಆತಂಕ ಸಹೋದ್ಯೋಗಿಗಳಲ್ಲಿ ಇತ್ತು. ನಾನು ವಾದಕ್ಕೆ ಇಳಿಯಲಿಲ್ಲ. ಆಟದ ನಂತರದ ಅವಧಿಯನ್ನು ಗಣಿತಕ್ಕೆ ಕೊಟ್ಟೆ. ನೀರು ಕುಡಿದು, ಮುಖ ತೊಳೆದು ಬಂದ ಮಕ್ಕಳು ಆ ಅವಧಿಯಲ್ಲಿ ಹೇಗೆ ಕೂರುತ್ತಾರೆ ಎಂಬುದನ್ನು ಗಣಿತ ಶಿಕ್ಷಕರೇ ಕಂಡರು. ಒಮ್ಮೆ ಮಳೆಯಿಂದ ಆಟ ತಪ್ಪಿದ್ದಾಗ, ಜಗಲಿಯಲ್ಲಾದರೂ ಹತ್ತು ನಿಮಿಷ ನೆಗೆಯಲಿ ಎಂದು ಅವರೇ ಬಂದು ಹೇಳಿದರು. ಹಾಜರಿ ಪುಸ್ತಕದಂತೆಯೇ ಆಟಕ್ಕೂ ಒಂದು ಪುಸ್ತಕವಿದೆ. ಯಾವ ತರಗತಿ, ಯಾವ ಆಟ, ಯಾರು ನಡೆಯುವ ಸಾಲಿನಲ್ಲಿದ್ದರು ಎಂದು ಅದರಲ್ಲಿ ಒಂದೇ ಸಾಲು ಬರೆದರೆ ಸಾಕು. ಒಂದೇ ಮಗು ದಿನಗಟ್ಟಲೆ ಆ ಸಾಲಿನಲ್ಲಿ ಕಂಡರೆ ಮನೆಯವರನ್ನು ಕರೆದು ಮೆಲ್ಲಗೆ ವಿಚಾರಿಸುತ್ತೇನೆ.

ನಮ್ಮಲ್ಲಿ ಏಳನೇ ತರಗತಿ ಮುಗಿಸಿದವರು ಪಕ್ಕದ ಊರಿನ ಪ್ರೌಢಶಾಲೆಗೆ ಹೋಗುತ್ತಾರೆ. ಅಲ್ಲಿ ಒಳ್ಳೆಯ ಮೈದಾನವಿದೆ, ದೈಹಿಕ ಶಿಕ್ಷಕರೂ ಇದ್ದಾರೆ, ಆದರೆ ದಿನವೂ ಎಲ್ಲರೂ ಆಡುವ ಕ್ರಮವಿಲ್ಲ. ಕಳೆದ ವರ್ಷ ಹೋದ ಹುಡುಗಿಯರು ಬಂದು, ‘ಮೇಡಂ, ಅಲ್ಲಿ ನಾವು ಓಡುವುದೇ ಇಲ್ಲ’ ಎಂದು ಹೇಳಿದಾಗ ಸಂಕಟವಾಯಿತು. ಅಲ್ಲಿನ ದೈಹಿಕ ಶಿಕ್ಷಕರನ್ನು ಕರೆಸಿ ನಮ್ಮ ವೇಳಾಪಟ್ಟಿಯನ್ನೂ ಕಿರು ಕೊಕ್ಕೊ ಅಂಕಣಗಳನ್ನೂ ತೋರಿಸಿದ್ದೇನೆ. ಎಂಟನೇ ತರಗತಿಯಿಂದ ಶುರು ಮಾಡಲು ಅವರು ಒಪ್ಪಿದ್ದಾರೆ. ಜೂನ್‌ನಲ್ಲಿ ನಮ್ಮ ಮಕ್ಕಳು ಅಲ್ಲಿಗೆ ಸೇರುವಾಗ ತಮ್ಮ ತಮ್ಮ ಹಗ್ಗವನ್ನು ಚೀಲದಲ್ಲಿಟ್ಟುಕೊಂಡೇ ಹೋಗಲಿದ್ದಾರೆ.