ಕಾರಿಗೆ ಹಿಂದೆ ರೆಕ್ಕೆ ಹಾಕಿಸುವ ಮುಂಚೆ

ಕಾರು ಮಾಡಿಫೈ ಮಾಡಿಸುವ ಹುಡುಗರು ದಾವಣಗೆರೆಯಲ್ಲೂ ಮೊದಲು ಕೇಳುವುದು ಹಿಂದಿನ ರೆಕ್ಕೆಯನ್ನೇ. ನೋಡೋಕೆ ಚಂದ, ಸರಿ. ಆದರೆ ಕೆಲಸ ಶುರುವಾಗಬೇಕಾದ್ದು ಮುಂದಿನಿಂದ.

ಓಡುವ ಕಾರನ್ನು ಗಾಳಿ ಹಿಂದಕ್ಕೆ ಎಳೆಯುವುದು ಡ್ರ್ಯಾಗ್, ಮೇಲಕ್ಕೆ ಎತ್ತುವುದು ಲಿಫ್ಟ್. ವೇಗ ದುಪ್ಪಟ್ಟಾದರೆ ಎರಡೂ ನಾಲ್ಕು ಪಟ್ಟು. ಡ್ರ್ಯಾಗ್ ಗುಣಾಂಕ (ಕಾರಿನ ಆಕಾರ ಗಾಳಿಗೆ ಎಷ್ಟು ಅಡ್ಡಿ ಅಂತ ಹೇಳುವ ಅಂಕಿ) 0.33, ಮುಂಭಾಗದ ವಿಸ್ತೀರ್ಣ 2.2 ಚದರ ಮೀಟರ್ ಇರುವ ಕಾರನ್ನು ಗಾಳಿ 100 ಕಿ.ಮೀ. ವೇಗದಲ್ಲಿ ಸುಮಾರು 33 ಕೆ.ಜಿ. ಭಾರದಷ್ಟು ಬಲದಿಂದ ಎಳೆಯುತ್ತದೆ. 50ರಲ್ಲಿ ಬರೀ 8. ಊರೊಳಗೆ ಓಡಾಡುವವರಿಗೆ ಈ ತಲೆನೋವೇ ಬೇಡ.

ಮೊದಲು ಗಾಳಿಯನ್ನು ಕಣ್ಣಾರೆ ನೋಡಿ. ಅರ್ಧ ಗೇಣಿನ ಉಣ್ಣೆ ದಾರಗಳನ್ನು ಚಾವಣಿ, ಹಿಂದಿನ ಗಾಜು, ಡಿಕ್ಕಿಯ ಮೇಲೆ ಟೇಪಿನಿಂದ ಅಂಟಿಸಿ. ಪಕ್ಕದ ಕಾರಿನಲ್ಲಿ ಕೂತವರು ವಿಡಿಯೊ ಮಾಡಲಿ. ದಾರ ಮೈಗೆ ಅಂಟಿ ಮಲಗಿದ್ದರೆ ಗಾಳಿ ಅಲ್ಲಿ ಜಾರಿ ಹೋಗುತ್ತಿದೆ. ದಿಕ್ಕೆಟ್ಟು ಕುಣಿದರೆ ಮೈ ಬಿಟ್ಟು ಸುಳಿಯಾಗಿದೆ. ಚಿತ್ರದುರ್ಗದ ಗಾಳಿಗಿರಣಿಗಳ ಕಡೆ ಮಾತ್ರ ಹೋಗಬೇಡಿ, ಅಡ್ಡಗಾಳಿ ಎಲ್ಲ ಕೆಡಿಸುತ್ತದೆ.

ಆಮೇಲೆ ಹೊಟ್ಟೆ, ಅಂದರೆ ಕಾರಿನ ಅಡಿಭಾಗ. ಮುಂದಿನ ಬಂಪರ್ ಕೆಳಗೆ ಸಣ್ಣ ತುಟಿ, ಎಂಜಿನ್ ಅಡಿಗೆ ನುಣುಪಾದ ಶೀಟು. ಸರಿಯಾಗಿ ಕೂತರೆ ಡ್ರ್ಯಾಗ್, ಲಿಫ್ಟ್ ಎರಡೂ ಇಳಿಯುತ್ತವೆ. ಇಂಥ ಲಾಭ ಬೇರೆಲ್ಲೂ ಸುಲಭಕ್ಕೆ ಸಿಗಲ್ಲ. ಬಿಸಿಗಾಳಿ ಹೊರಹೋಗಲು ದಾರಿ ಬಿಡಿ. ತುಟಿ ತೀರಾ ತಗ್ಗಿಸಿದರೆ ನಮ್ಮ ಹಂಪುಗಳು ಉಳಿಸಲ್ಲ, ಗೊತ್ತಲ್ವಾ?

ಈಗ ಹಿಂಭಾಗ. ಇಲ್ಲೇ ಲಿಫ್ಟ್, ಡ್ರ್ಯಾಗ್ ನಡುವೆ ನಿಜವಾದ ಹಗ್ಗಜಗ್ಗಾಟ. ಗಾಳಿ ಹಿಂದಿನ ಗಾಜಿನ ಇಳಿಜಾರಿಗೆ ಅಂಟಿಕೊಂಡೇ ಬಾಗಿದರೆ ಹಿಂದಿನ ಲಿಫ್ಟ್ ಜಾಸ್ತಿಯಾಗುತ್ತದೆ. 1998ರಲ್ಲಿ ಬಂದ ಮೊದಲ ಆಡಿ ಟಿಟಿ ಹೀಗೇ ದುಂಡಗಿತ್ತು. ಅತಿವೇಗದಲ್ಲಿ ಅಪಘಾತಗಳಾದ ಮೇಲೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಹಿಂದೆ ಸ್ಪಾಯ್ಲರ್, ಅಂದರೆ ಗಾಳಿಯನ್ನು ಅಂಚಿನಲ್ಲೇ ಬಿಡಿಸುವ ಪಟ್ಟಿ ಹಾಕಿತು. ಇಳಿಜಾರು 30 ಡಿಗ್ರಿ ಹತ್ತಿರವಾದರೆ ಡ್ರ್ಯಾಗ್ ತುದಿ ಮುಟ್ಟುತ್ತದೆ ಅಂತ 1984ರಲ್ಲೇ ಅಹ್ಮದ್ ಮಾದರಿಯ (ಕಾರಿನ ಬದಲು ಪರೀಕ್ಷೆಗೆ ಬಳಸುವ ಸರಳ ಆಕಾರದ ದಿಮ್ಮಿ) ಪ್ರಯೋಗ ತೋರಿಸಿತ್ತು.

ಹಾಗಾಗಿ ಡಿಕ್ಕಿಯ ಅಂಚಿಗೆ ಎರಡು ಬೆರಳೆತ್ತರದ ಚೂಪಾದ ಪಟ್ಟಿ ಸಾಕು. ದೊಡ್ಡ ರೆಕ್ಕೆ ಹಿಂದಿನ ಚಕ್ರವನ್ನು ಒತ್ತುತ್ತದೆ, ಮುಂದಿನದನ್ನು ಹಗುರ ಮಾಡುತ್ತದೆ. ಸ್ಟೇರಿಂಗ್ ತೇಲಿದಂತಾಗುತ್ತದೆ.

ಕೊನೆಗೆ, ವಾಹನ ಓಡಾಡದ ಸಮತಟ್ಟು ರಸ್ತೆಯಲ್ಲಿ 80ರಿಂದ ನ್ಯೂಟ್ರಲ್‌ಗೆ ಹಾಕಿ, 60ಕ್ಕೆ ಇಳಿಯುವ ಸಮಯ ಅಳೆಯಿರಿ. ಎಂಜಿನ್ ಆರಿಸಬೇಡಿ. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ. ಪಟ್ಟಿ ಹಾಕಿದ ಮೇಲೆ ಸಮಯ ಕಡಿಮೆಯಾದರೆ ಡ್ರ್ಯಾಗ್ ಏರಿದೆ ಅಂತ. ಪಟ್ಟಿಯನ್ನು ಅರ್ಧ ಬೆರಳು ಕತ್ತರಿಸಿ, ಮತ್ತೆ ಓಡಿಸಿ.