ಮಳೆ ಹಿಡಿಯೋದ್ರೊಳಗೆ ನಾಯಿ ಇಂಜೆಕ್ಷನ್ನು: ನಾವು ಮಾಡ್ಕೊಂಡು ಬಂದಿರೋ ರೀತಿ

ನಾವಿರೋದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ, ಮನೇಲಿ ಎರಡು ನಾಯಿ. ವರ್ಷದ ಇಂಜೆಕ್ಷನ್ನನ್ನ ನಾನು ಮೇ ತಿಂಗಳಿಗೇ ಇಟ್ಕೊಂಡಿದೀನಿ, ರೋಹಿಣಿ ಮಳೆ ಶುರುವಾಗೋದ್ರೊಳಗೆ ಮುಗೀಬೇಕು. ಕಾರಣ ಲೆಪ್ಟೋ, ಇಲಿ ಜ್ವರ ಅಂತಾರಲ್ಲ ಅದು. ಮಳೆಗಾಲದಲ್ಲಿ ಇಲಿ ಉಚ್ಚೆ ಎಲ್ಲಾ ತೋಟದ ಬಸಿಗಾಲುವೆ ನೀರಿಗೆ ಸೇರುತ್ತೆ, ನಾಯಿ ಅದನ್ನೇ ಕುಡಿಯುತ್ತೆ ಅದ್ರಲ್ಲೇ ಹೊರಳಾಡುತ್ತೆ, ರೋಗ ಹಿಡಿದ್ರೆ ಕಿಡ್ನಿ ಲಿವರ್ ಎರಡಕ್ಕೂ ಹೊಡೆತ, ಸಾಲದ್ದಕ್ಕೆ ಆ ನಾಯಿ ಉಚ್ಚೆಯಿಂದ ನಮಗೂ ಬರಬಹುದು. ಈ ಲಸಿಕೆ ಕೆಲಸ ಮಾಡೋದು ಹೆಚ್ಚುಕಮ್ಮಿ ಒಂದು ವರ್ಷ, ಎಲ್ಲಾ ಬಗೆ ಲೆಪ್ಟೋನೂ ಅದು ತಡೆಯಲ್ಲ, ಅದಕ್ಕೇ ಜಗಲಿ ಪಕ್ಕ ಒಳ್ಳೆ ನೀರು ಯಾವಾಗ್ಲೂ ಇಟ್ಟಿರ್ತೀನಿ. ಮೊದಲ ಸಲ ಹಾಕಿಸೋರಿಗೆ ಮೂರ್ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು, ಅವ್ರು ಏಪ್ರಿಲ್‌ನಲ್ಲೇ ಶುರು ಮಾಡ್ಬೇಕು.

ಮರಿಗಳ ವಿಷಯದಲ್ಲಿ ನಮ್ಮೂರೋರು "ಒಂದು ಹಾಕ್ಸಿದೀವಲ್ಲ" ಅಂತ ಬಿಟ್ಟುಬಿಡ್ತಾರೆ. ತಾಯಿ ಹಾಲಿಂದ ಬಂದ ರೋಗನಿರೋಧಕ ಶಕ್ತಿನೇ ಲಸಿಕೆನ ಕೆಲಸ ಮಾಡೋಕೆ ಬಿಡಲ್ಲ, ಅದು ಯಾವ ವಾರ ಇಳಿಯುತ್ತೆ ಅಂತ ಒಂದೊಂದು ಮರಿಗೆ ಒಂದೊಂದು ಥರ, ಹಾಗಾಗಿ 6-8 ವಾರಕ್ಕೆ ಶುರು ಮಾಡಿ ಮೂರ್ನಾಲ್ಕು ವಾರಕ್ಕೊಂದರ ಹಾಗೆ ಹಾಕಿಸ್ತಾ ಹೋಗಿ ಕೊನೇದು 16 ವಾರ ತುಂಬಿದ ಮೇಲೆ ಬೀಳಬೇಕು. ಮರಿಗಳಿಗೆ ವಾಂತಿ, ರಕ್ತಭೇದಿ ಹಿಡಿಸಿ ಸಾಯಿಸೋ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಲೆ ಇರುತ್ತೆ, ಹೋದ್ವರ್ಷ ಮರಿ ಸತ್ತ ಅಂಗಳಕ್ಕೇ ಹೊಸ ಮರಿ ತಂದು ಬಿಡೋರನ್ನ ನೋಡಿದ್ರೆ ಸಿಟ್ಟು ಬರುತ್ತೆ.

ರೇಬೀಸ್‌ದು ಮೂರು ತಿಂಗಳಿಗೆ, ಆಮೇಲೆ ಡಾಕ್ಟ್ರು ಹೇಳಿದಾಗ ಬೂಸ್ಟರ್, ನಂತರ ವರ್ಷವರ್ಷ. ಹುಚ್ಚುನಾಯಿ ರೋಗದ ಲಕ್ಷಣ ಶುರುವಾದ್ಮೇಲೆ ನಾಯಿಗಾಗ್ಲಿ ಮನುಷ್ಯರಿಗಾಗ್ಲಿ ಔಷಧಿ ಇಲ್ಲ. ನಾಯಿಗೆ ಇಂಜೆಕ್ಷನ್ ಆಗಿದೆ ಅಂತ ಅದು ಕಚ್ಚಿದಾಗ ಸುಮ್ಮನೆ ಕೂರೋದೂ ಬೇಡ, ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರ್ಬೇಕು. ಡಾಕ್ಟ್ರು ಮನೆಗೆ ಬರ್ತಾರೆ ಅಂದ್ರೆ ಪೇಟೆಯಿಂದ ನಾನೇ ಐಸ್ ಹಾಕಿದ ಫ್ಲಾಸ್ಕಲ್ಲಿ ತರ್ತೀನಿ, ಬಾಟಲಿ ಐಸಿಗೆ ತಾಗದ ಹಾಗೆ ಪೇಪರ್ ಸುತ್ತಿ, ಯಾಕಂದ್ರೆ ಹೆಪ್ಪುಗಟ್ಟಿದ್ರೂ ಹಾಳೇ. ಬಾಟಲಿ ಮೇಲಿನ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸಿಕೊಳ್ಳಿ, ಬ್ಯಾಚ್ ನಂಬರ್ ಅದ್ರಲ್ಲಿರುತ್ತೆ. ಹಾಕಿಸಿದ ಮೇಲೆ ಅರ್ಧ ಗಂಟೆ ಡಾಕ್ಟ್ರನ್ನ ಕಾಫಿ ಕೊಟ್ಟು ಕೂರಿಸ್ಕೊಳ್ಳೋದು ನಮ್ಮನೆ ಪದ್ಧತಿ, ಅಪರೂಪಕ್ಕೆ ಮೂತಿ ಊದುತ್ತೆ, ಅವ್ರಿದ್ರೆ ತಕ್ಷಣ ನೋಡ್ತಾರೆ.

ನನ್ನ ಕೇಳಿದ್ರೆ ಸೂಜಿಗಿಂತ ಆ ದಿನ ಡಾಕ್ಟ್ರು ನಾಯಿ ಮೈ ಮುಟ್ಟಿ ನೋಡೋದೇ ದೊಡ್ಡ ಲಾಭ. ವಸಡು ಬಿಳಿಚಿಕೊಂಡಿದ್ಯಾ ಅಂತ ನೋಡ್ತಾರೆ, ನಮ್ಮ ಕಡೆ ಉಣುಗಿನ ಕಾಟದಿಂದ ಟಿಕ್ ಫೀವರ್ ಜಾಸ್ತಿ, ಅದು ಬಂದ್ರೆ ನಾಯಿ ಮೈಯಲ್ಲಿ ರಕ್ತ ಕಮ್ಮಿಯಾಗುತ್ತೆ. ತೂಕ ಪ್ರತಿ ಸಲ ಕಾರ್ಡಲ್ಲಿ ಬರೆಸ್ತೀನಿ. ಹಳೇ ನಾಯಿ ಕರಿಯ ಚೆನ್ನಾಗೇ ಓಡಾಡ್ಕೊಂಡಿದ್ದ, ನೀರು ಸ್ವಲ್ಪ ಜಾಸ್ತಿ ಕುಡೀತಿದ್ದ ಅಷ್ಟೇ, ಬೇಸಿಗೆ ಅಲ್ವಾ ಅಂತ ಅಮ್ಮ ಅಂದ್ರು, ಆದ್ರೆ ಕಾರ್ಡ್ ಪ್ರಕಾರ ಮೂರು ಕೆಜಿ ಇಳಿದಿತ್ತು, ರಕ್ತ ಟೆಸ್ಟ್ ಮಾಡಿಸಿದ್ರೆ ಕ್ರಿಯಾಟಿನಿನ್ ಜಾಸ್ತಿ, ಅಂದ್ರೆ ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ದಿನಾ ನೋಡೋ ಕಣ್ಣಿಗೆ ಮೂರು ಕೆಜಿ ಕಾಣಲ್ಲ. ಊಟ ಬದಲಾಯಿಸಿ, ಔಷಧಿ ಕೊಟ್ಟು, ಆಮೇಲೂ ಒಳ್ಳೆ ಕಾಲ ಬದುಕಿದ. ಈಗ ಏಳು ದಾಟಿದ ನಾಯಿಗೆ ಆರು ತಿಂಗಳಿಗೊಂದ್ಸಲ ತೋರಿಸ್ತೀನಿ.

ಖರ್ಚಿನ ಬಗ್ಗೆ ಹೇಳ್ಬೇಕು ಅಂದ್ರೆ, ರೇಬೀಸ್ ಲಸಿಕೆ ಹತ್ತು ಡೋಸಿನ ದೊಡ್ಡ ಬಾಟಲೀಲೂ ಬರುತ್ತೆ, ಕೇರಿಯವ್ರೆಲ್ಲ ಸೇರಿ ಒಂದೇ ದಿನ ಹಾಕಿಸಿದ್ರೆ ಅಗ್ಗ. ಈ ಸಲ ಕೆಳಗಿನ ಮನೆಯವ್ರ ಬೆಕ್ಕುಗಳೂ ಲಿಸ್ಟಲ್ಲಿವೆ, ಬೆಕ್ಕಿಗೂ ರೇಬೀಸ್ ಬರುತ್ತೆ ಅಂತ ಅವ್ರನ್ನ ಒಪ್ಪಿಸೋಕೇ ಸಾಕುಸಾಕಾಯ್ತು. ಬೆಕ್ಕು ಹಿಡಿಯೋಕೆ ಗೋಣಿಚೀಲ ತರಬೇಡಿ, ದಪ್ಪ ಟವೆಲ್ಲೇ ವಾಸಿ.